ಹಳಿ ಕಿತ್ತ ಜಾಗದ ಬೀಗರು

ಚಿಕ್ಕಗಂಗಮ್ಮ ಬೆಟ್ಟಯ್ಯನನ್ನು ಮೊದಲು ಕಂಡದ್ದು ಹಪ್ಪಳ ಒಣಹಾಕಿದ ದಿನ. ಎಂಬತ್ತೆರಡನೇ ಇಸವಿ, ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ರಾಜಾಜಿನಗರದ ಕಾರ್ಖಾನೆಗಳ ಹಿಂದೆ ಗೂಡ್ಸ್ ಗಾಡಿ ಬರುತ್ತಿದ್ದ ಲೈನು ನಿಂತುಹೋಗಿ, ರೈಲ್ವೆಯವರು ಹಳಿ ಕಿತ್ತುಕೊಂಡು ಹೋಗಿದ್ದರು. ಉಳಿದದ್ದು ಜಲ್ಲಿ, ಕಾಂಗ್ರೆಸ್ ಗಿಡ, ಕಸ. ಅದರಲ್ಲೇ ಒಂದು ಮೂಲೆ ಗುಡಿಸಿ ಅವಳು ಹಳೇ ಸೀರೆ ಹಾಸಿದ್ದಳು.

"ಏಳ್ರಮ್ಮಾ, ಏಳಿ! ಇದು ಲೈನು!" ಎಂದು ಟವೆಲು ಬೀಸುತ್ತಾ ಒಬ್ಬ ಮುದುಕ ಬಂದ.

"ಲೈನು ಎಲ್ಲಿದೆ ಸ್ವಾಮಿ? ರೈಲು ಬಂದ್ರೆ ಅದೂ ಒಂದು ಹಪ್ಪಳ ತಿಂದ್ಕೊಂಡು ಹೋಗ್ಲಿ ಬಿಡಿ."

ಮುದುಕ ನಕ್ಕುಬಿಟ್ಟ. ಅವನೇ ಬೆಟ್ಟಯ್ಯ, ಇದೇ ಲೈನಿನಲ್ಲಿ ಗ್ಯಾಂಗ್‌ಮನ್ ಆಗಿದ್ದು ರಿಟೈರಾದವನು. ಹಳಿ ಹೋದರೂ ಆ ಜಾಗ ದಾಟುವಾಗ ಎರಡೂ ಕಡೆ ನೋಡುವುದು ಬಿಟ್ಟಿರಲಿಲ್ಲ.

ಮಾರನೆಯ ದಿನವೇ ಸಲಿಕೆ ಹಿಡಿದ. ಮಕ್ಕಳು ಆಡೋಕೆ, ವಯಸ್ಸಾದವರು ಕೂರೋಕೆ ಜಾಗ ಆಗಬೇಕು ಅನ್ನುವುದು ಅವನ ಹಟ. ಚಿಕ್ಕಗಂಗಮ್ಮ ಗಿಡ ಕೀಳಲು ಕೂತಳು, ಬೀದಿಯವರೂ ಸೇರಿದರು. ಅರಳಿ, ಬೇವಿನ ಸಸಿ ತಂದು ನೆಟ್ಟ. ಎರಡರ ನಡುವೆ ಒಂದು ಹಳಿಯಿಂದ ಇನ್ನೊಂದು ಹಳಿಗಿದ್ದಷ್ಟೇ ಅಂತರ. ಅವನಿಗೆ ಗೊತ್ತಿದ್ದ ಅಳತೆ ಅದೊಂದೇ. ಜಲ್ಲಿ ನೆಲದಲ್ಲಿ ನೀರು ನಿಲ್ಲದು. ಅರಳಿಗೆ ಅವನು, ಬೇವಿಗೆ ಇವಳು ದಿನಾ ನೀರು ಹೊತ್ತರು.

ಎರಡನೇ ಮಳೆಗಾಲಕ್ಕೆ ಸಸಿಗಳು ಎದೆಮಟ್ಟ ಬಂದವು. ಆಗಲೇ ಸುದ್ದಿ ಬಂತು: ಮರದ ಡಿಪೋ ರೇವಣಸಿದ್ದಪ್ಪನವರು ದಿಮ್ಮಿ ಪೇರಿಸಲು ಆ ಜಾಗ ಕೊಡಿ ಎಂದು ರೈಲ್ವೆಯವರನ್ನು ಕೇಳಿದ್ದಾರೆ.

"ಜಗಳಕ್ಕೆ ಹೋದ್ರೆ ಸೋಲ್ತೀವಿ. ಮದುವೆ ಮಾಡಿಬಿಡೋಣ" ಎಂದ ಬೆಟ್ಟಯ್ಯ.

"ಯಾರಿಗೆ?"

"ಅರಳಿಗೂ ಬೇವಿಗೂ. ಮದುವೆ ಆದ ಮರದ ಬುಡಕ್ಕೆ ಯಾರು ದಿಮ್ಮಿ ಉರುಳಿಸ್ತಾರೆ? ಮೊದಲ ಅಕ್ಷತೆ ಡಿಪೋ ಯಜಮಾನರಿಗೇ ಕೊಡೋಣ. ಗಂಡಿನ ಕಡೆ ನಾನು. ಹೆಣ್ಣಿನ ಕಡೆ ನೀವು ನಿಂತು ಧಾರೆ ಎರೀರಿ."

ಅವಳು ಹಿಂದೆ ಸರಿದಳು. ಗಂಡ ಹೋದ ಮೇಲೆ ತಂಗಿ ಮಗಳ ಮದುವೆಯಲ್ಲೂ ಚಪ್ಪರದ ಕಂಬ ದಾಟಿರಲಿಲ್ಲ. "ನಾನು ಮುಟ್ಟಬಾರದು ಬೆಟ್ಟಯ್ಯನೋರೆ."

"ಎರಡು ಬೇಸಿಗೆ ಬಿಂದಿಗೆ ಹೊತ್ತು ಬೇವಿಗೆ ನೀರು ಹುಯ್ದೋರು ಯಾರು? ಆವಾಗ ಮುಟ್ಟಲಿಲ್ವಾ? ಸಾಕಿದೋರೇ ಎರೀಬೇಕು."

ಮದುವೆಯ ದಿನ ಅವಳು ಚಪ್ಪರದ ಕಂಬ ದಾಟಿ ಬಂದು ಧಾರೆ ಎರೆದಳು. ಯಾರಾದರೂ ಗೊಣಗಿದ್ದರೆ ವಾಲಗದ ಸದ್ದಿನಲ್ಲಿ ಕೇಳಿಸಲಿಲ್ಲ. ರೇವಣಸಿದ್ದಪ್ಪನವರು ಮೊದಲ ಪಂಕ್ತಿಯಲ್ಲೇ ಕೂತು ಪಾಯಸ ಕೇಳಿ ಹಾಕಿಸಿಕೊಂಡರು. ಎಲೆ ಮಡಚಿ ಎದ್ದವರು ಗಿಡಗಳನ್ನು ನೋಡಿದರು, ಬೆಟ್ಟಯ್ಯನನ್ನು ನೋಡಿದರು.

"ಉಂಡ ಮನೆ ಜಂತೆ ಎಣಿಸೋಕಾಗುತ್ತೇನಯ್ಯಾ? ಭಲೇ ಕಿಲಾಡಿ ನೀನು!"

ದಿಮ್ಮಿ ಬರಲಿಲ್ಲ. ಮುಂದಿನ ವರ್ಷ ರೈಲ್ವೆಯವರು ಜಾಗವನ್ನು ಪಾರ್ಕಿಗೆ ಬಿಟ್ಟುಕೊಟ್ಟರು.

ಅಂದಿನಿಂದ ಅವರಿಬ್ಬರೂ ಬೀಗರು. "ನಿಮ್ಮ ಹುಡುಗಿ ಎಲೆ ಉದುರಿಸ್ತಾಳೆ, ಗುಡಿಸೋರು ಯಾರು?" ಎಂದು ಅವನು. "ನಿಮ್ಮ ಹುಡುಗ ಗಾಳಿ ಇಲ್ದಿದ್ರೂ ಬಾಯಿ ಬಡ್ಕೋತಾನಲ್ಲ!" ಎಂದು ಇವಳು.

ಎಂಬತ್ತೇಳರ ಮಾಘದಲ್ಲಿ ಬೆಟ್ಟಯ್ಯ ಹಾಸಿಗೆ ಹಿಡಿದ. ಅವಳು ಹಪ್ಪಳ ಸುಟ್ಟುಕೊಂಡು ನೋಡಲು ಹೋದಳು. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡ, ಉಪ್ಪು ಜಾಸ್ತಿ ಅಂದ. ಹೊರಡಲು ಎದ್ದವಳನ್ನು ಮತ್ತೆ ಕರೆದ.

"ಬೀಗ್ತಮ್ಮಾ, ಈ ಬೇಸಿಗೆ ನಮ್ಮ ಹುಡುಗನಿಗೂ ಒಂದು ಬಿಂದಿಗೆ ಹಾಕ್ತೀರಾ?"