ಅಂಟು ಹಾಕದ ಕೆಂಪು

ಚಳ್ಳಕೆರೆ ಬಸ್ ಸ್ಟ್ಯಾಂಡಿಂದ ಯಾವ ದಿಕ್ಕಿಗೆ ನಡೆದ್ರೂ ಒಂದು ಕಾಲಕ್ಕೆ ನನ್ನ ಅಕ್ಷರ ಕಣ್ಣಿಗೆ ಬೀಳ್ತಿದ್ವು. ಎಣ್ಣೆ ಮಿಲ್ಲಿನ ಗೇಟಿನ ಮೇಲೆ, ಕಂಬಳಿ ಅಂಗಡಿ ಮೇಲೆ, ಶಾಲೆ ಗೋಡೆ ಮೇಲೆ, ಲಾರಿ ಬೆನ್ನ ಮೇಲೆ. ಬೋರ್ಡು ಬರೆಯೋದು ನನ್ನ ಕಸುಬು. ಬರೆದ ಮೇಲೆ ಕೆಳಗೆ ಬಲಗಡೆ ಮೂಲೇಲಿ ಸಣ್ಣದಾಗಿ ನನ್ನ ಹೆಸರು, ಪಕ್ಕದಲ್ಲಿ ಫೋನ್ ನಂಬರು. ಅದನ್ನ ಬರೀದೆ ನಾನು ಏಣಿ ಇಳಿದೋನೇ ಅಲ್ಲ. ಜಂಬ ಅನ್ನಿ, ಏನಾದ್ರೂ ಅನ್ನಿ. ಮದುವೆ ಆದ ಹೊಸದರಲ್ಲಿ ಹೆಂಡ್ತೀನ ಕರ್ಕೊಂಡು ಊರೆಲ್ಲ ಸುತ್ತಿ ನನ್ನ ಹೆಸರಿರೋ ಮೂಲೆಗಳನ್ನೆಲ್ಲ ತೋರಿಸಿದ್ದೆ. ಅವಳು ಬೋರ್ಡು ಬಿಟ್ಟು ಅಂಗಡಿಯೊಳಗೆ ನೇತು ಹಾಕಿದ್ದ ಸೀರೆ ನೋಡ್ತಿದ್ಲು, ಆ ಮಾತು ಬೇರೆ.

ಆಮೇಲೆ ಫ್ಲೆಕ್ಸ್ ಬಂತು. ನಾನು ಎರಡು ದಿನ ಕೂತು ಬರೆಯೋದನ್ನ ಆ ಮೆಷಿನ್ನು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಉಗುಳುತ್ತೆ. ಯಾರು ಕಾಯ್ತಾರೆ? ನನ್ನ ಬ್ರಷ್ಷುಗಳು ಡಬ್ಬೀಲೇ ಒಣಗಿ ಪೊರಕೆ ಆದ್ವು. ಅಂಥ ಹೊತ್ತಲ್ಲಿ, ಮನೆ ಪತ್ರ ಇಟ್ಕೊಂಡು ಸಾಲ ಕೊಡೋ ಒಂದು ಫೈನಾನ್ಸ್ ಕಂಪನಿಯ ವಸೂಲಿಯವನು ನಮ್ಮ ಬಾಗಿಲಿಗೆ ಬಂದ. ಇಸ್ತ್ರಿ ಮಾಡಿದ ಶರ್ಟು, ಬಾಯಿ ತುಂಬ ಅಣ್ಣಾ ಅಣ್ಣಾ. ಗೋಡೆ ಬರೆಯೋ ಕೆಲಸ ಐತೆ, ತಿಂಗಳಾ ತಿಂಗಳಾ ಐತೆ, ಬಣ್ಣದ ದುಡ್ಡು ಬೇರೆ ಕೊಡ್ತೀವಿ ಅಂದ. ನಾನು ಜಾಹೀರಾತು ಅನ್ಕೊಂಡೆ. ಅವನು ಕೊಟ್ಟ ಚೀಟೀಲಿ ಇದ್ದದ್ದು ಇಷ್ಟು: "ಈ ಮನೆ ನಮ್ಮ ಸಂಸ್ಥೆಗೆ ಅಡಮಾನವಾಗಿದೆ. ಸಾಲ ಸುಸ್ತಿಯಾಗಿದೆ. ಯಾರೂ ಕೊಳ್ಳಬಾರದು, ಬಾಡಿಗೆಗೆ ಪಡೆಯಬಾರದು." ಅದರ ಕೆಳಗೆ ಮನೆ ಯಜಮಾನನ ಹೆಸರು. ಕೆಂಪು ಎನಾಮಲ್ ಬಣ್ಣ, ಗೇಣುದ್ದ ಅಕ್ಷರ, ರಸ್ತೇಲಿ ಹೋಗೋರಿಗೆಲ್ಲ ಕಾಣಬೇಕು.

ಆಗಲ್ಲ ಹೋಗಯ್ಯಾ ಅನ್ನಬಹುದಿತ್ತು. ಅನ್ನಲಿಲ್ಲ.

ಮೊದಲ ಗೋಡೆ ನಾಯಕನಹಟ್ಟಿ ಕಡೆಯ ಒಂದು ಹಳ್ಳೀಲಿ, ಒಬ್ಬ ಟೈಲರ್‌ದು. ಏಣಿ ಒರಗಿಸ್ತಿದ್ದ ಹಾಗೆ ಆತ ಹೊರಗೆ ಬಂದ. ಬೈತಾನೆ, ಏಣಿ ಒದೀತಾನೆ ಅಂತ ನಾನು ಹಲ್ಲು ಕಚ್ಕೊಂಡು ನಿಂತೆ. ಆತ ಗೋಡೆ ನೋಡಿದ, ನನ್ನ ನೋಡಿದ, ಒಳಗೆ ಹೋಗಿ ಒಂದು ಚೊಂಬು ನೀರು ತಂದ. "ಬಿಸಿಲು ಭಾಳ ಐತೆ, ಕುಡಿದು ಬರೀರಿ" ಅಂದ. ಅಯ್ಯೋ ದೇವರೇ! ಆ ನೀರು ಗಂಟಲಲ್ಲಿ ಇಳೀಲಿಲ್ಲ. ಆತನ ಹೆಸರು ಬರೆಯೋವಾಗ ಆತನೇ ಕೆಳಗೆ ನಿಂತು, ಒತ್ತಕ್ಷರ ಸರಿಯಾಗಿ ಬಂತಾ ಅಂತ ನೋಡ್ತಿದ್ದ. ಆವತ್ತು ಮೊದಲನೇ ಸಲ ನಾನು ಮೂಲೇಲಿ ನನ್ನ ಹೆಸರು ಬರೀಲಿಲ್ಲ. ಬ್ರಷ್ಷು ಅಲ್ಲೀತನಕ ಹೋಯ್ತು, ಕೈ ವಾಪಸ್ ಬಂತು.

ಮನೇಗೆ ಬಂದು ಹೆಂಡ್ತಿಗೆ ಹೇಳ್ದೆ. "ಇನ್ನೊಬ್ಬರ ಮನೆ ಮಾನ ತೆಗೆದು ನಮ್ಮನೇಗೆ ಅಕ್ಕಿ ತರ್ತೀಯಲ್ಲ, ಥೂ ನಿನ್ನ" ಅಂದ್ಲು. ಅಕ್ಕಿ ಮಾತ್ರ ತೊಳೆದು ಒಲೆ ಮೇಲಿಟ್ಲು.

ಎರಡು ಮೂರು ಗೋಡೆ ಆದಮೇಲೆ ನನಗೊಂದು ಉಪಾಯ ಹೊಳೀತು. ಎಲೆಕ್ಷನ್ ಗೋಡೆ ಬರೀತಿದ್ದ ಕಾಲದ ಪುಡಿ ಬಣ್ಣ ಮನೇಲಿತ್ತು. ಆ ಪುಡೀನ ಅಂಟು ಹಾಕಿ ಕಲಸಿ ಬರೆದ್ರೆ ವರ್ಷಗಟ್ಲೆ ಇರುತ್ತೆ. ಬರೀ ನೀರಲ್ಲಿ ಕಲಸಿದ್ರೆ, ನೋಡೋಕೆ ಅದೇ ಕೆಂಪು, ಒಂದು ಜೋರು ಮಳೆ ಬಿದ್ರೆ ಎಲ್ಲ ಚರಂಡಿಗೆ. ವಸೂಲಿಯವನು ಬಂದು ಫೋನಲ್ಲಿ ಫೋಟೋ ಹೊಡ್ಕೊಂಡು ಹೋಗ್ತಿದ್ದ, ಮುಟ್ಟಿ ನೋಡ್ತಿರಲಿಲ್ಲ. ಅಲ್ಲಿಂದ ಮುಂದೆ ಒಂದೂ ಬಿಡದೆ ಎಲ್ಲ ಗೋಡೇನೂ ಅಂಟು ಹಾಕದ ಕೆಂಪಲ್ಲೇ ಬರೆದೆ. ಎನಾಮಲ್ಲಿಗೆ ಅಂತ ಕೊಟ್ಟ ದುಡ್ಡು ನನ್ನ ಜೇಬಲ್ಲೇ ಉಳೀತು. ಅದನ್ನೂ ಹೇಳಿಬಿಡ್ತೀನಿ, ಮುಚ್ಚಿಟ್ಟು ಏನು ಮಾಡ್ಲಿ? ಪುಣ್ಯಾನೂ ಆಯ್ತು, ಲಾಭಾನೂ ಆಯ್ತು ಅಂತ ಮೀಸೆ ಮೇಲೆ ಕೈಯಾಡಿಸ್ಕೊಂಡು ಓಡಾಡಿದೆ. ಪೆದ್ದ ನನ್ಮಗ.

ಬೇಸಿಗೇಲಿ ಮೊಳಕಾಲ್ಮೂರಿಗೆ ಕಳಿಸಿದ್ರು. ರೇಷ್ಮೆ ಸೀರೆ ನೇಯೋರ ಬೀದಿ. ಮನೆ ಯಜಮಾನ ಬೆನ್ನು ಹಿಡ್ಕೊಂಡು ಮಂಚದ ಮೇಲಿದ್ದ, ಡಾಕ್ಟರು ಇನ್ನು ಮಗ್ಗಕ್ಕೆ ಕೂರಬೇಡ ಅಂದಿದ್ರಂತೆ. ಹೊರಗೆ ಬಂದಿದ್ದು ಆತನ ಹೆಂಡ್ತಿ, ಕೈಬೆರಳಿಗೆ ರೇಷ್ಮೆ ಎಳೆ ಅಂಟಿಕೊಂಡಿದ್ದ ಹೆಣ್ಣುಮಗಳು. ಆ ಮನೆ ಅವರಿಬ್ಬರೂ ನೇಯ್ದು ನೇಯ್ದು ತುಂಡು ತುಂಡಾಗಿ ಎಬ್ಬಿಸಿದ್ದು. ಒಂದು ವರ್ಷ ಪಾಯ, ಇನ್ನೆರಡು ವರ್ಷಕ್ಕೆ ಗೋಡೆ, ಆಮೇಲೆ ಯಾವಾಗಲೋ ಬಾಗಿಲು. ಶೀಟು ತೆಗೆದು ಮೋಲ್ಡ್ ಹಾಕಿಸೋಕೆ ಮಾತ್ರ ಸಾಲ ಮಾಡಿದ್ರು. ನೇಯೋ ಕೈ ನಾಲ್ಕಿದ್ದದ್ದು ಎರಡಾದ ಮೇಲೆ ಕಂತು ನಿಂತಿತು. ಗೋಡೆಗೆ ಪ್ಲಾಸ್ಟರ್ ಆಗಿತ್ತು, ಬಣ್ಣ ಇನ್ನೂ ಆಗಿರಲಿಲ್ಲ. ಆ ಮನೆ ಕಂಡ ಮೊದಲ ಬಣ್ಣ ನನ್ನ ಕೆಂಪು.

"ಒಳಗೆ ಬಂದು ನೋಡಣ್ಣಾ" ಅಂತ ಕರೆದ್ಲು. ಒಳಗೆ ಕುಣಿ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯೋದು. ಮಗ್ಗದ ಮೇಲೆ ಅರ್ಧ ಸೀರೆ ಇತ್ತು. "ಮನೆ ಹೋದ್ರೆ ಮಗ್ಗದ ಕಟ್ಟಿಗೆ ಬಿಚ್ಕೊಂಡು ಹೋಗಬಹುದು. ಗುಂಡಿ ಹೊತ್ಕೊಂಡು ಹೋಗೋಕಾಗುತ್ತಾ? ಬಾಡಿಗೆ ಮನೆಯೋರು ಯಾರಣ್ಣ ನೆಲ ಅಗೆಯೋಕೆ ಬಿಡ್ತಾರೆ?" ಅಂದ್ಲು. ಆಮೇಲೆ ದನಿ ಇಳಿಸಿ, "ನೂಲು ಕೊಡೋ ಸಾಹುಕಾರ್ರು ಗೋಡೆ ಮೇಲಿರೋದು ಓದಿದ್ರೆ, ಇವತ್ತೋ ನಾಳೆಯೋ ಬೀಗ ಬೀಳೋ ಮನೇಗೆ ರೇಷ್ಮೆ ಕೊಡ್ತಾರಾ?" ಅಂದ್ಲು.

ಹೊರಗೆ ಬಂದು ಬರೆಯೋಕೆ ಏಣಿ ಹತ್ತಿದೆ, ತಡೀಲಿಲ್ಲ. ಏಣಿ ಮೇಲಿಂದ ಬಗ್ಗಿ ಹೇಳಿಬಿಟ್ಟೆ. "ಒಂದು ಮಳೆ ತಡ್ಕಳವ್ವ. ಇದರಲ್ಲಿ ಅಂಟಿಲ್ಲ. ಎಲ್ಲ ತೊಳ್ಕೊಂಡು ಹೋಗುತ್ತೆ. ಯಾರಿಗೂ ಹೇಳಬೇಡ."

ಆಕೆ ಕಣ್ಣರಳಿಸಿ ಗೋಡೆ ನೋಡಿದ್ಲು. "ನಿಜಾನಾ ಅಣ್ಣಾ?" ಅಂದ್ಲು. ಆಮೇಲೆ ಒಂದು ಲೋಟ ಟೀ ತಂದುಕೊಟ್ಲು. ಈ ಕೆಲಸಕ್ಕೆ ಬಂದಮೇಲೆ ಗಂಟಲಲ್ಲಿ ಸಲೀಸಾಗಿ ಇಳಿದಿದ್ದು ಅದೊಂದೇ ಟೀ.

ಆ ಬೀದೀಲಿ ನೇಕಾರ ಹೆಂಗಸರದ್ದೊಂದು ಉಳಿತಾಯ ಸಂಘ ಐತೆ. ವಾರಕ್ಕೊಂದು ಸಲ ಸೇರಿ ಕೈಲಾದಷ್ಟು ಕೂಡಿಡ್ತಾರೆ, ಮನೆ ಪತ್ರದಲ್ಲಿ ಹೆಂಗಸರ ಹೆಸರೂ ಸೇರಿಸಿ ಅಂತ ಗಂಡಸರ ಬೆನ್ನು ಬೀಳ್ತಾರೆ. ಅದನ್ನ ನಡೆಸೋ ಮೇಡಂ ಗಟ್ಟಿಗಿತ್ತಿ. ನಾನು ಗೋಡೆ ಬರೆದು ಬಂದ ತಿಂಗಳಲ್ಲೇ ಅವರು ಕಂಪನಿ ಮ್ಯಾನೇಜರ್ ಮುಂದೆ ಕೂತು, ಕಂತು ಚಿಕ್ಕದು ಮಾಡಿಸಿ, ಬೀಗ ಹಾಕೋದನ್ನ ನಿಲ್ಲಿಸಿದ್ರು. ಸಂಘದ ಹೆಸರಲ್ಲೇ ನೂಲು ತರಿಸಿ ಕೊಡೋ ಏರ್ಪಾಡೂ ಮಾಡಿದ್ರು. ಆದ್ರೆ ಬರೆದುಕೊಟ್ಟ ಕಾಗದದಲ್ಲಿ ಮ್ಯಾನೇಜರ್ ಒಂದು ಷರತ್ತು ತುರುಕಿದ್ದ: ಸಾಲ ತೀರೋವರೆಗೂ ಗೋಡೆ ಬರಹ ಅಳಿಸಬಾರದು, ಅಳಿಸಿದ್ರೆ ಒಪ್ಪಂದ ರದ್ದು, ಮನೆ ಜಪ್ತಿ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಳೆ ಬಂತು. ನಮ್ಮ ಕಡೆ ಮಳೆ ಬಂದ್ರೆ ಜನ ಒಳಗೆ ಓಡಲ್ಲ, ಹೊರಗೆ ಬಂದು ನಿಲ್ತಾರೆ. ನಾನೂ ನಿಂತೆ. ಅಷ್ಟೂ ಗೋಡೆಗಳಿಂದ ಕೆಂಪು ನೀರು ಇಳಿಯೋದನ್ನ ನೆನೆಸ್ಕೊಂಡು ಒಬ್ಬನೇ ನಕ್ಕೆ. "ಹುಚ್ಚು ಗಿಚ್ಚು ಹಿಡೀತಾ?" ಅಂದ್ಲು ಹೆಂಡ್ತಿ.

ನಾಲ್ಕು ದಿನಕ್ಕೆ ವಸೂಲಿಯವನು ಬಂದ. "ಅಣ್ಣಾ, ಮೊಳಕಾಲ್ಮೂರಿನ ಆ ಮಗ್ಗದ ಮನೆ ಗೋಡೆ ಇನ್ನೊಂದ್ಸಲ ಬರೀಬೇಕು. ಕಂತಿಗೆ ಅಂತ ಹೋಗಿ ನೋಡಿದ್ರೆ, ಆ ಹೆಂಗಸು ಎಲ್ಲ ತೊಳೆದು ಹಾಕವ್ಳೆ. ಅರ್ಜೆಂಟೇನಿಲ್ಲ, ಸೋಮವಾರ ಬೀಗ ಹಾಕ್ತೀವಿ, ಆಮೇಲೆ ಬರೆದ್ರಾಯ್ತು" ಅಂದ. ಒಪ್ಪಂದದ ವಿಷಯ, ಷರತ್ತಿನ ವಿಷಯ ಎಲ್ಲ ಆಗ ಅವನ ಬಾಯಿಂದಲೇ ಗೊತ್ತಾಯ್ತು.

ಸಿಕ್ಕ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋದೆ. ಆಕೆ ಕುಣೀಲಿ ಕೂತು ನೇಯ್ತಿದ್ಲು. ಸೋಮವಾರದೊಳಗೆ ಸೀರೆ ಮುಗಿಸಿ ಮಗ್ಗದಿಂದ ಇಳಿಸಬೇಕಿತ್ತು, ಬೀಗ ಬಿದ್ರೆ ಸಂಘದ ನೂಲೂ ಒಳಗೇ ಉಳಿಯುತ್ತೆ. ನನ್ನ ನೋಡಿ ಕೈ ನಿಲ್ಲಿಸಿದ್ಲು, ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಬೈದಿದ್ದು ಮಂಚದ ಮೇಲಿದ್ದ ಗಂಡ.

"ಮಳೆ ಶುರುವಾಗ್ತಿದ್ದ ಹಾಗೆ ಇವಳು ನೇಯೋದು ಬಿಟ್ಟು ಹೊರಗೆ ಓಡಿದ್ಲು. ಟಾರ್ಪಾಲು ಹಿಡ್ಕೊಂಡು ಗೋಡೆಗೆ ಒತ್ತಿ ನಿಂತಿದ್ಲು. ಇಡೀ ಮಳೆ ನಿಂತಿದ್ಲು ರೀ! ನೀವು ಬರೆದ ಬೈಗುಳ ಅಳಿಸದೆ ಇರ್ಲಿ ಅಂತ! ಬೀದಿ ಜನ ನಗ್ತಿದ್ರು" ಅಂದ ಆತ. ಕೆಂಪು ನೀರು ಟಾರ್ಪಾಲಿನ ಕೆಳಗಿಂದ ಇಳಿದು ಆಕೆ ಉಟ್ಟ ಸೀರೆಯೆಲ್ಲ ನೆನೆಸಿತ್ತಂತೆ. ಆ ಸೀರೆ ಅಂಗಳದ ತಂತಿ ಮೇಲೆ ಇನ್ನೂ ನೇತಾಡ್ತಿತ್ತು.

"ಬಣ್ಣದಲ್ಲಿ ಅಂಟಿರಲಿಲ್ಲ ಅಂತ ಮ್ಯಾನೇಜರಿಗೆ ಯಾಕೆ ಹೇಳ್ಲಿಲ್ಲವ್ವ?" ಅಂತ ಕೇಳ್ದೆ.

"ಯಾರಿಗೂ ಹೇಳಬೇಡ ಅಂದಿದ್ದೆಯಲ್ಲಣ್ಣ" ಅಂದ್ಲು. ಕಡಿದಿದ್ದ ಒಂದು ಎಳೆ ಗಂಟು ಹಾಕ್ತಾ, "ನಮ್ಮ ಮೇಲೆ ಕರುಣೆ ತೋರಿಸಿದ್ದು ಅಂತ ನೀನೊಬ್ಬನೇ. ನಿನ್ನ ಹೊಟ್ಟೆ ಮೇಲೆ ಹೆಂಗೆ ಹೊಡೀಲಿ?" ಅಂದ್ಲು.

ನನ್ನ ಕರುಣೆ! ಎನಾಮಲ್ಲಿನ ದುಡ್ಡಲ್ಲಿ ನಾನು ಮನೇಗೆ ಮಿಕ್ಸಿ ತಂದಿದ್ದೆ.

ಮಾರನೇ ದಿನ ಸಂಘದ ಮೇಡಮ್ಮನ ಜೊತೆ ಕಂಪನಿ ಆಫೀಸಿಗೆ ಹೋದೆ. ಮ್ಯಾನೇಜರ್ ಮುಂದೆ ನಿಂತು, ಗೋಡೆ ತೊಳೆದಿದ್ದು ಆಕೆಯಲ್ಲ, ಮಳೆ, ನಾನು ಹಾಕಿದ್ದೇ ಕಳ್ಳ ಬಣ್ಣ ಅಂದೆ. ಅವನು ಕೂಗಾಡ್ತಾನೆ ಅನ್ಕೊಂಡಿದ್ದೆ. ಇಲ್ಲ. ಡ್ರಾಯರ್‌ನಿಂದ ಒಂದು ಬಿಳಿ ಹಾಳೆ ತೆಗೆದು ನನ್ನ ಕಡೆ ತಳ್ಳಿದ. "ಹಿಂಗೆ ಎಷ್ಟು ಗೋಡೆ ಬರೆದಿದ್ದೀಯೋ ಅಷ್ಟೂ ಮನೆ ವಿಳಾಸ ಬರಿ. ಎಲ್ಲಾನೂ ಎನಾಮಲ್ಲಲ್ಲಿ ನಿನ್ನ ಖರ್ಚಲ್ಲೇ ಮತ್ತೆ ಬರೀಬೇಕು. ಬರೆದ್ರೆ ಆ ಮಗ್ಗದ ಮನೆಯಮ್ಮನ ಒಪ್ಪಂದ ಉಳಿಯುತ್ತೆ, ಇಲ್ಲಾಂದ್ರೆ ಸೋಮವಾರ ಬೀಗ. ನಿನ್ನ ಮೇಲೆ ಮೋಸದ ಕೇಸು" ಅಂದ.

ಪೆನ್ನು ಹಿಡ್ಕೊಂಡು ಕೂತೆ. ಮಳೆ ಬಿದ್ದು ಅಷ್ಟೂ ಗೋಡೆ ಚೊಕ್ಕಟ ಆಗಿದ್ವು. ಅಷ್ಟೂ ಮನೆಯೋರು ತಲೆ ಎತ್ಕೊಂಡು ಓಡಾಡ್ತಿದ್ರು. ಒಂದು ಮನೇಲಂತೂ ಮಗಳ ನಿಶ್ಚಿತಾರ್ಥಕ್ಕೆ ಅಂತ ಅದರ ಮೇಲೆ ಸುಣ್ಣ ಬಳಿದಿದ್ರು. ಒಂದು ಮನೆ ಉಳಿಸೋಕೆ ಅವರೆಲ್ಲರನ್ನ ನಾನೇ ಹಿಡ್ಕೊಡಬೇಕು. ಮೇಡಮ್ಮನ ಮುಖ ನೋಡಿದೆ. ಅವರು ಕಿಟಕಿ ಕಡೆ ತಿರುಗಿದ್ರು. ಬರೆದೆ. ಒಂದೂ ಬಿಡದೆ ಬರೆದೆ. ಸರಿ ಮಾಡಿದ್ನಾ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ, ಕೇಳಬೇಡಿ.

ಆಮೇಲಿನ ದಿನಗಳು ನನ್ನ ಶತ್ರುವಿಗೂ ಬೇಡ. ಹಳ್ಳಿ ಹಳ್ಳಿ ತಿರುಗಿ, ತೊಳೆದು ಹೋಗಿದ್ದ ಅದೇ ಹೆಸರುಗಳನ್ನ ಮತ್ತೆ ಬರೆದೆ. ಸುಣ್ಣ ಬಳಿದಿದ್ದ ಮನೆ ಅಜ್ಜಿ ಹಿಡಿ ಮಣ್ಣು ತೂರಿ, "ನಿನ್ನ ಕೈ ಸೇದಿಹೋಗ" ಅಂದ್ಲು. ಮಣ್ಣು ಹಸಿ ಎನಾಮಲ್ಲಿಗೆ ಅಂಟಿಕೊಂಡಿತು, ಅದನ್ನ ಒರೆಸಿ ಮತ್ತೆ ಬರೆದೆ. ಮಿಕ್ಸಿ ಮಾರಿದ್ವಿ. ಹೆಂಡ್ತಿ ಒರಳು ತೊಳೆದು ಇಟ್ಕೊಂಡ್ಲು.

ಕೊನೇಗೆ ಮೊಳಕಾಲ್ಮೂರು. ಆಕೆ ಬಂದು ಏಣಿ ಹಿಡ್ಕೊಂಡ್ಲು. ಬೇಡ ಅಂದೆ, ಬಿಡಲಿಲ್ಲ. ಅಡಮಾನ ಬರೆದೆ, ಸುಸ್ತಿ ಬರೆದೆ, ಗಂಡನ ಹೆಸರು ಬರೆದೆ. ಇಳಿಯೋಕೆ ಕಾಲು ಕೆಳಗಿಟ್ಟೆ.

"ನಿನ್ನ ಹೆಸರು ಬರಿ" ಅಂದ್ಲು.

"ಏನವ್ವ?"

"ಚಳ್ಳಕೆರೆ ಬಸ್ ಸ್ಟ್ಯಾಂಡ್ ಹತ್ರ ಬೋರ್ಡುಗಳಲ್ಲಿ ನೋಡಿದ್ದೀನಿ, ಅಕ್ಷರ ಇದೇ ಅಕ್ಷರ. ಎಲ್ಲದರ ಕೆಳಗೂ ನಿನ್ನ ಹೆಸರೈತೆ, ನಂಬರೈತೆ. ನಮ್ಮನೆಯೋರ ಹೆಸರು ಬರೆದೆಯಲ್ಲ, ಪಕ್ಕದಲ್ಲಿ ನಿಂದೂ ಇರ್ಲಿ. ಸಾಲ ತೀರಿದ ದಿನ ಆ ನಂಬರಿಗೆ ಫೋನ್ ಮಾಡ್ತೀನಿ. ನೀನೇ ಬಂದು ಕೆರೀಬೇಕು."

ಮತ್ತೆ ಏಣಿ ಹತ್ತಿದೆ. ಬರೆದೆ. ಬಲಗಡೆ ಮೂಲೇಲಿ, ಅದೇ ಕೆಂಪಲ್ಲಿ, ನನ್ನ ಹೆಸರು, ನನ್ನ ನಂಬರು. ಅಷ್ಟು ಸೊಟ್ಟ ಅಕ್ಷರ ನಾನು ಕಲಿಯೋವಾಗಲೂ ಬರೆದಿರಲಿಲ್ಲ.

ಇದಾಗಿ ಒಂದು ವರ್ಷದ ಮೇಲಾಯ್ತು. ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರೆ ಊಟ ಬಿಟ್ಟು ಎದ್ದು ಎತ್ತುತ್ತೀನಿ. ಎನಾಮಲ್ ಕೆರೆಯೋಕೆ ಅಂತ ಒಂದು ಬಾಟ್ಲಿ ಥಿನ್ನರ್ ತಂದು ಗೋಡೆ ಗೂಡಲ್ಲಿ ಇಟ್ಟಿದ್ದೀನಿ. ಹೋಗಿ ನೋಡ್ಕೊಂಡು ಬರೋ ಧೈರ್ಯ ಮಾತ್ರ ಬಂದಿಲ್ಲ.

ಹೋದ ವಾರ ಬೆಳಿಗ್ಗೆ ಒಂದು ಹೊಸ ನಂಬರು. ಗಂಡಸಿನ ದನಿ. ಬೇರೆ ಯಾವುದೋ ಫೈನಾನ್ಸ್‌ನವನು. "ಸಾರ್, ಮೊಳಕಾಲ್ಮೂರಲ್ಲಿ ಒಂದು ಮನೆ ಗೋಡೆ ಮೇಲೆ ನಿಮ್ಮ ಬರಹ ನೋಡಿದೆ. ಅಕ್ಷರ ಅಂದ್ರೆ ಅಕ್ಷರ! ನಮ್ಮದೂ ಒಂದಷ್ಟು ಮನೆ ಅವೆ ಸಾರ್, ಬರೆದುಕೊಡ್ತೀರಾ?"

ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ. "ಆ ಮನೆ ಬಾಗಿಲು ತೆಗೆದಿತ್ತಾ?" ಅಂತ ಕೇಳ್ದೆ.

"ಯಾವ ಬಾಗಿಲು ಸಾರ್?"

"ಅಕ್ಷರ ನೋಡಿದೆಯಲ್ಲಯ್ಯಾ, ಆ ಮನೇದು. ಬೀಗ ಹಾಕಿತ್ತಾ, ತೆಗೆದಿತ್ತಾ?"

"ತೆಗೆದಿತ್ತು ಸಾರ್. ಒಳಗೆ ಯಾರೋ ಹೆಂಗಸು ಮಗ್ಗ ನೇಯ್ತಿದ್ರು. ಯಾಕೆ ಸಾರ್?"

ನಾನು ಫೋನ್ ಇಟ್ಟೆ.