ಪೂರ್ವಕ್ಕೆ ಬಾಗಿಲು, ದಕ್ಷಿಣಕ್ಕೆ ಮೂತಿ

ನನಗೆ ರಿವರ್ಸ್ ಬರುವುದಿಲ್ಲ ಎಂದು ಚಳ್ಳಕೆರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ಮಾತನ್ನು ನಾನು ಅಲ್ಲಗಳೆಯಲು ಹೋಗುವುದಿಲ್ಲ. ಬರೀ ಜೀಪಾದರೆ ಹೇಗೋ ಹಿಂದಕ್ಕೆ ತೆಗೆದೇನು. ಆದರೆ ಜೀಪಿನ ಬೆನ್ನಿಗೆ ಗಾಲಿಯ ಮೇಲಿನ ಒಂದು ಮನೆಯನ್ನೇ ಕಟ್ಟಿಕೊಂಡು ದೇಶ ಸುತ್ತಲು ಹೊರಟವನ ಪಾಡು ಬೇರೆ. ಹಿಂದಿನ ಮನೆ ಎಡಕ್ಕೆ ಹೋಗಬೇಕಾದರೆ ಮುಂದಿನ ಸ್ಟೇರಿಂಗ್ ಬಲಕ್ಕೆ ತಿರುಗಬೇಕು. ಮನೆ ಬಲಕ್ಕಾದರೆ ಸ್ಟೇರಿಂಗ್ ಎಡಕ್ಕೆ. ಬಾಯಿಪಾಠಕ್ಕೆ ಇದು ಸುಲಭ. ಕೈಗೆ ಬರುವ ಹೊತ್ತಿಗೆ ಜೀಪು ಒಂದು ಕಡೆ, ಮನೆ ಒಂದು ಕಡೆ, ಮಡಚಿದ ಮೊಣಕೈ ಹಾಗೆ ನಿಂತಿರುತ್ತದೆ. ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಶೇಂಗಾ ತುಂಬಿದ ಟ್ರೇಲರನ್ನು ಒಂದೇ ಕೈಯಲ್ಲಿ, ಬೀಡಿ ಸೇದುತ್ತಾ, ಗೋಡೆಗೆ ಗೇಣು ಉಳಿಯುವ ಹಾಗೆ ಹಿಂದಕ್ಕೆ ಬಿಡುವ ಟ್ರ್ಯಾಕ್ಟರ್ ಡ್ರೈವರುಗಳನ್ನು ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಮುಂದಕ್ಕೆ ಹೋಗುವುದು ಮಾತ್ರ ನನಗೆ ಹುಟ್ಟಿನಿಂದ ಬಂದದ್ದು. "ಇವನ ಕಾಲಾಗೆ ಚಕ್ರ ಐತೆ ಕಣವ್ವಾ, ಒಂದು ಗಳಿಗೆ ಕುಂತಲ್ಲಿ ಕೂರಂಗಿಲ್ಲ" ಎಂದು ನಮ್ಮವ್ವ ಬಂದವರ ಮುಂದೆಲ್ಲ ದೂರುತ್ತಿದ್ದಳು. ಮದುವೆ ಊಟದಲ್ಲಿ ಪಾಯಸ ಬರುವ ಹೊತ್ತಿಗೆ ನನ್ನ ಕಣ್ಣು ಕೈ ತೊಳೆಯುವ ನಲ್ಲಿಯ ಮೇಲಿರುತ್ತದೆ. ರೈಲಿನಲ್ಲಿ ಸೀಟಿದ್ದರೂ ಬಾಗಿಲಲ್ಲಿ ನಿಲ್ಲುವ ಪೈಕಿ ನಾನು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದೆ, ನಡೆದಾಡಿಕೊಂಡೇ ಮಾಡಿದೆ. ನನ್ನನ್ನು ನೋಡುತ್ತಾ ಮಕ್ಕಳಿಗೆ ಕತ್ತು ನೋವು. ವರ್ಷಕ್ಕೊಮ್ಮೆ "ನರ್ಮದಾ ಮತ್ತು ತಾಪಿ ಪಶ್ಚಿಮಕ್ಕೆ ಹರಿಯುತ್ತವೆ" ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೆ. ದೇಶದ ದೊಡ್ಡ ನದಿಗಳು ಬಹುಪಾಲು ಪೂರ್ವದ ದಾರಿ ಹಿಡಿದಿರುವಾಗ ಈ ಎರಡು ಎದುರು ದಿಕ್ಕಿಗೆ ಹೊರಟದ್ದು ನನಗೆ ಬಲು ಹಿಡಿಸಿತ್ತು. ಆದರೆ ನಾನು ಕಣ್ಣಾರೆ ಕಂಡ ನದಿ ನಮ್ಮ ವೇದಾವತಿಯೊಂದೇ, ಅದೂ ನೀರು ಬಂದ ವರ್ಷ. ರಿಟೈರಾದ ಮಾರನೆಯ ಬೆಳಿಗ್ಗೆಯೇ ತೀರ್ಮಾನಿಸಿಬಿಟ್ಟೆ: ನರ್ಮದೆ ಪಶ್ಚಿಮಕ್ಕೆ ಹರಿಯುವುದನ್ನು ಈ ಕಣ್ಣಿಂದ ನೋಡಬೇಕು, ಅಲ್ಲಿಂದ ಮುಂದಕ್ಕೆ ರಸ್ತೆ ಇರುವ ತನಕ ಹೋಗುತ್ತಿರಬೇಕು.

ಕುದಾಪುರದ ಕಡೆ ದೊಡ್ಡ ದೊಡ್ಡ ಸಂಶೋಧನಾ ಸಂಸ್ಥೆಗಳ ಕಟ್ಟಡ ಏಳುತ್ತಿದ್ದಾಗ ಗುತ್ತಿಗೆದಾರನೊಬ್ಬ ಗಾಲಿಯ ಮೇಲೆ ಒಂದು ತಗಡಿನ ಆಫೀಸು ಇಟ್ಟುಕೊಂಡಿದ್ದ. ಕೆಲಸ ಮುಗಿದ ಮೇಲೆ ಅದು ಹುಲ್ಲುಗಾವಲಿನ ಅಂಚಿನಲ್ಲಿ ಯಾರಿಗೂ ಬೇಡವಾಗಿ ನಿಂತಿತ್ತು. ಅದನ್ನು ಕೊಂಡು ತಂದೆ. ಲಾರಿಗಳಿಗೆ ಬಾಡಿ ಕಟ್ಟುವ ನಮ್ಮ ಬಾಷಾ ಅದರೊಳಗೆ ಎರಡು ಮಂಚ, ಒಂದು ಒಲೆಕಟ್ಟೆ, ನೀರಿನ ಡ್ರಮ್ಮು, ಕಿಟಕಿಗೆ ಸೊಳ್ಳೆ ಪರದೆ, ಹತ್ತಿ ಇಳಿಯಲು ಕಬ್ಬಿಣದ ಮೆಟ್ಟಿಲು ಎಲ್ಲ ಕೂರಿಸಿದ. ರಸ್ತೆಯ ಬದಿಗೆ ಇಳಿಯಲು ಅನುಕೂಲವೆಂದು ಬಾಗಿಲನ್ನು ಎಡಗಡೆಗೆ ಇಟ್ಟ. ಈ ಎಡಗಡೆಯ ಬಾಗಿಲನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ನನ್ನ ಕಷ್ಟಗಳೆಲ್ಲ ಬಂದದ್ದು ಆ ಬಾಗಿಲಿನಿಂದಲೇ.

ಒಪ್ಪಬೇಕಾದವಳು ಇನ್ನು ಮಂಗಳಾ ಒಬ್ಬಳೇ. ನನ್ನ ಹೆಂಡತಿ ಮೊಳಕಾಲ್ಮುರಿನವಳು. ಮಾತು ಅವಳ ಉಸಿರು. ಕನ್ನಡ ಸಾಲದಾದಾಗ ತೆಲುಗಿಗೆ ಹೊರಳುತ್ತಾಳೆ, ಬೈಯುವಾಗಂತೂ ನೇರವಾಗಿ ತೆಲುಗೇ. ಅವಳು ತಗಡಿನ ಮನೆಯ ಸುತ್ತ ಒಂದು ಸುತ್ತು ಬಂದು, "ಡಬ್ಬಿಯೊಳಗೆ ಮಲಗಾಕೆ ನಾನೇನು ಉಪ್ಪಿನಕಾಯಾ?" ಎಂದಳು. ಅವಳಿಲ್ಲದೆ ಹೋಗುವ ಮಾತೇ ಇರಲಿಲ್ಲ. ಮೂವತ್ತಮೂರು ವರ್ಷ ಜೊತೆಗಿದ್ದವಳನ್ನು ಬಿಟ್ಟು ನದಿ ನೋಡಿ ಬಂದರೆ ಆ ನದಿಯ ವಿಷಯ ಹೇಳುವುದಾದರೂ ಯಾರಿಗೆ? ಅವಳನ್ನು ಒಲಿಸಲೆಂದು ನಾನೊಂದು ಬುದ್ಧಿವಂತಿಕೆ ಮಾಡಿದೆ. "ಇದು ಡಬ್ಬಿ ಅಲ್ಲ ಮಾರಾಯ್ತಿ, ಮನೆ. ಬೇಕಾದ್ರೆ ಗೃಹಪ್ರವೇಶ ಮಾಡಿಸ್ತೀನಿ" ಎಂದೆ.

ಪೂಜೆಗೆ ಅಯ್ನೋರು ಬಂದು ಗಾಡಿಯನ್ನೂ ನನ್ನನ್ನೂ ಒಂದೇ ಥರ ನೋಡಿದರು. "ಮೇಷ್ಟ್ರೇ, ಗಾಲಿ ಐತೆ, ಅದಕ್ಕೆ ನಿಂಬೆಹಣ್ಣು. ಒಲೆ ಐತೆ, ಅದಕ್ಕೆ ಹಾಲು. ಎರಡೂ ಮಾಡಿಬಿಡಾಣ ಬಿಡ್ರಿ" ಎಂದರು. ನಾಲ್ಕು ಚಕ್ರದ ಜೀಪಿಗೂ ಎರಡು ಚಕ್ರದ ಮನೆಗೂ ಆರು ನಿಂಬೆಹಣ್ಣು ಇಟ್ಟೆವು. ಒಳಗೆ ಹಾಲು ಉಕ್ಕಿ ಹೊಸ ಒಲೆಯ ಮೇಲೆಲ್ಲ ಹರಿಯಿತು. ಬೀದಿಯ ಹೆಂಗಸರು ಸಾಲಾಗಿ ಬಂದು ಅರಿಶಿನ ಕುಂಕುಮ ಪಡೆದು ಹೋದರು. ಮಂಗಳಾಳ ಮುಖ ಅರಳಿತು. ಗೆದ್ದೆ ಎಂದುಕೊಂಡೆ. ಹಾಲು ಉಕ್ಕಿದ ಮೇಲೆ ಅದು ಮನೆಯಾಗಿಬಿಡುತ್ತದೆ, ಮನೆಯಾದ ಮೇಲೆ ಮನೆಗಿರುವ ಕಟ್ಟುಪಾಡೆಲ್ಲ ಅದಕ್ಕೂ ಬರುತ್ತವೆ ಎನ್ನುವುದು ನನ್ನ ಮಂಡೆಗೆ ಹೊಳೆದಿರಲಿಲ್ಲ. ಮಾರನೆಯ ದಿನವೇ ಅಪ್ಪಣೆಯಾಯಿತು: "ಎಲ್ಲಿಗೆ ಕರೀತೀರೋ ಬರ್ತೀನಿ. ಆದ್ರೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಬಾಗಿಲು ಪೂರ್ವಕ್ಕೆ ಇರ್ಬೇಕು. ಇರಲಿಲ್ಲ ಅಂದ ದಿನ ನಾನು ಬಸ್ಸು ಹತ್ತಿ ಊರಿಗೆ ವಾಪಸ್."

ಭೂಗೋಳದ ಮೇಷ್ಟ್ರಲ್ಲವೇ, ಲೆಕ್ಕ ಹಾಕಿದೆ. ಎಡಗಡೆಯ ಬಾಗಿಲು ಪೂರ್ವಕ್ಕೆ ಬರಬೇಕಾದರೆ ಜೀಪಿನ ಮೂತಿ ದಕ್ಷಿಣಕ್ಕಿರಬೇಕು. ನಾವು ಹೊರಟಿರುವುದು ಉತ್ತರಕ್ಕೆ. ಅಂದರೆ ಹಗಲೆಲ್ಲ ಉತ್ತರಕ್ಕೆ ಓಡಿಸಿ, ಸಂಜೆಗೆ ಇಡೀ ಸಂಸಾರವನ್ನು ಊರ ಕಡೆ ಮುಖ ಮಾಡಿ ನಿಲ್ಲಿಸಿ, ಬೆಳಿಗ್ಗೆದ್ದು ಮತ್ತೆ ತಿರುಗಿಸಬೇಕು. ತಿರುಗಿಸಲು ಬಾರದವನಿಗೆ ದಿನಕ್ಕೆ ಎರಡು ಪರೀಕ್ಷೆ.

ನಮ್ಮ ಸಿದ್ದಾಪುರದ ಪಕ್ಕದ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ, ವರ್ಷಾ ವರ್ಷಾ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ. ಅದರಲ್ಲಿ ಇನ್ನೂರ ಐವತ್ತಾರು ಎಂದೊಂದು ಸಂಖ್ಯೆ ಬರುತ್ತದೆ. ರಾಜ ಪ್ರವಾಸದಲ್ಲಿ ಕಳೆದ ರಾತ್ರಿಗಳು ಅವು ಎಂದು ಪಂಡಿತರು ಕೆಲವರು ಅರ್ಥ ಹೇಳುತ್ತಾರೆ. ಇನ್ನೂರ ಐವತ್ತಾರು ಬಿಡಾರ! ಆನೆ, ಕುದುರೆ, ಅಡುಗೆಯವರು ಎಲ್ಲರನ್ನೂ ಕಟ್ಟಿಕೊಂಡು ಹೋದ ಮಹಾರಾಯನ ಡೇರೆಯ ಬಾಗಿಲು ದಿನಾ ಯಾವ ದಿಕ್ಕಿಗಿತ್ತು, ಅದಕ್ಕೆ ರಾಣಿಯವರು ಏನಂದರು ಎಂಬುದನ್ನು ಮಾತ್ರ ಬಂಡೆಯ ಮೇಲೆ ಕೊರೆಸಿಲ್ಲ. ಇಂಥ ಮುಖ್ಯ ವಿಷಯಗಳು ಚರಿತ್ರೆಯಲ್ಲಿ ಸಿಗುವುದೇ ಇಲ್ಲ.

ಕುದಾಪುರದ ಬಯಲಿನಲ್ಲಿ, ಬೇಲಿಗಳ ಆಚೆ ಉಳಿದ ಜಾಗದಲ್ಲಿ, ಅಭ್ಯಾಸಕ್ಕಿಳಿದೆ. ಒಬ್ಬ ಕುರಿಗಾರ ಕೋಲಿನ ಮೇಲೆ ಗದ್ದ ಊರಿ ಬಹಳ ಹೊತ್ತು ನೋಡಿದ. "ಸಾರ್, ಮುಂದಿನ ಕುರಿ ತಿರುಗಿಸಿದ್ರೆ ನಮ್ಮವು ಹಿಂದಿನವೆಲ್ಲ ತಿರುಗ್ತವೆ. ನಿಮ್ದು ಯಾಕೋ ಮಾತು ಕೇಳಂಗಿಲ್ಲ" ಎಂದು ಕನಿಕರದಿಂದ ಹೇಳಿ ಹೋದ.

ಮೊದಲ ಪರೀಕ್ಷಾ ಪ್ರಯಾಣ ಮೊಳಕಾಲ್ಮುರಿಗೆ, ಮಂಗಳಾಳ ತವರುಬೀದಿಗೆ. ಎರಡೂ ಕಡೆ ಸೀರೆ ಮಗ್ಗಗಳ ಮನೆಗಳು, ನಡುವೆ ಕಿರಿದಾದ ದಾರಿ. ಅದರೊಳಗೆ ಹೊಕ್ಕವನು ಸಿಕ್ಕಿಹಾಕಿಕೊಂಡೆ. ಮುಂದೆ ಗೋಡೆ, ಹಿಂದೆ ಚರಂಡಿ. ಮಗ್ಗದ ಸದ್ದು ಒಂದೊಂದಾಗಿ ನಿಂತು ನೇಕಾರರೆಲ್ಲ ಹೊರಗೆ ಬಂದರು. ಒಬ್ಬರು "ಎಡಮಕಿ, ಎಡಮಕಿ" ಎಂದು ತೆಲುಗಿನಲ್ಲಿ ಎಡಕ್ಕೆ ಕಳಿಸುವುದು, ಇನ್ನೊಬ್ಬರು "ಬಲಕ್ಕೆ ತಗಳ್ರೀ ಮೇಷ್ಟ್ರೇ" ಎಂದು ಕನ್ನಡದಲ್ಲಿ ಬಲಕ್ಕೆ ಎಳೆಯುವುದು. ಬೀಗರ ಬೀದಿಯಲ್ಲಿ ಮಾನ ಮೂರು ಕಾಸಿಗೆ ಹೋಯಿತು. ಕೊನೆಗೆ ಹತ್ತು ಜನ ಕೂಡಿ ಮನೆಯನ್ನು ಕೊಕ್ಕೆಯಿಂದ ಬಿಚ್ಚಿ ಕೈಯಲ್ಲೇ ತಳ್ಳಿ ಪೂರ್ವಕ್ಕೆ ನಿಲ್ಲಿಸಿದರು. ನಾನು ತಲೆ ತಗ್ಗಿಸಿ ಕೂತಿದ್ದರೆ ಮಂಗಳಾ ನಾಲ್ಕು ಮನೆಯಲ್ಲಿ ಊಟ ಮಾಡಿ ನಗುನಗುತ್ತಾ ಬಂದು, "ಚೆನ್ನಾಗೈತೆ ರೀ ನಿಮ್ಮ ಪ್ರವಾಸ" ಎಂದಳು. ಅಣಕಿಸುತ್ತಿದ್ದಾಳೆ ಎಂದುಕೊಂಡೆ.

ಹೀಗೆ ಹೊರಟೆವು. ಬಳ್ಳಾರಿ, ರಾಯಚೂರು, ಸೋಲಾಪುರ. ಹಗಲಿನ ವೇಳೆ ನಾನು ರಾಜ. ಕಾಣುವ ಪ್ರತಿ ಊರೂ ಮುಂದಿನ ಊರಿಗೆ ದಾರಿ, ಅಷ್ಟೇ. ಮಂಗಳಾ "ಆ ಗುಡಿ ನೋಡ್ರಿ" ಎನ್ನುವಷ್ಟರಲ್ಲಿ ಗುಡಿ ಹಿಂದೆ ಹೋಗಿರುತ್ತಿತ್ತು. ಸಂಜೆಯಾಗುತ್ತಿದ್ದಂತೆ ಅಗಲವಾದ ಜಾಗ ಹುಡುಕತೊಡಗುತ್ತಿದ್ದೆ. ಪೆಟ್ರೋಲ್ ಬಂಕು, ಢಾಬಾ, ಹತ್ತಿ ಮಿಲ್ಲಿನ ಅಂಗಳ, ಎಲ್ಲಿ ನಿಲ್ಲಿಸಿದರೂ ಅದೇ ಮಡಚಿದ ಮೊಣಕೈ, ಅದೇ ಜನಜಾತ್ರೆ. ಭಾಷೆ ಬದಲಾಗುತ್ತಿತ್ತು, ಬೈಗುಳದ ಧಾಟಿ ಒಂದೇ. ಮುಕ್ಕಾಲು ಗಂಟೆ ಬೆವರು ಸುರಿಸಿದ ಮೇಲೆ ಬಾಗಿಲು ಪೂರ್ವಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಮಂಗಳಾ ಯಾರದೋ ಅಂಗಳದಲ್ಲಿ ಕೂತು ಹರಟುತ್ತಿರುತ್ತಿದ್ದಳು. ಮಾರನೆಯ ದಿನ ಜೀಪಿನಲ್ಲಿ ಅದರದೇ ವರದಿ. ರಾಯಚೂರಿನ ಹತ್ತಿರ ಜೋಳದ ರೊಟ್ಟಿ ಕೊಟ್ಟ ಸಾವಿತ್ರಮ್ಮನ ಮಗಳ ಬಾಣಂತನ, ಸೋಲಾಪುರದಾಚೆಯ ಹೆಂಗಸು ಹಸಿಮೆಣಸಿನಕಾಯಿ ಕುಟ್ಟಿ ಮಾಡುವ ಖಾರ. ಚಳ್ಳಕೆರೆ ಸಂತೆಯಲ್ಲಿ ಕಲಿತ ಉರ್ದುವಿಗೆ ಎರಡು ಕೈ ಸೇರಿಸಿ ಅವಳು ಇಷ್ಟನ್ನೂ ಸಂಪಾದಿಸುತ್ತಿದ್ದಳು. ನಾನು ಹೂಂ ಹೂಂ ಎನ್ನುತ್ತಾ ನರ್ಮದೆಗೆ ಉಳಿದ ಕಿಲೋಮೀಟರ್ ಎಣಿಸುತ್ತಿದ್ದೆ.

ಕೊನೆಗೆ ಒಂದು ಸಕ್ಕರೆ ಕಾರ್ಖಾನೆಯ ಮುಂದೆ ನನಗೆ ಗುರು ಸಿಕ್ಕಿದ. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ಕಾಯುತ್ತಿದ್ದ ನರೆಗೂದಲ ಡ್ರೈವರ್ ನನ್ನ ಅವಸ್ಥೆ ನೋಡಲಾರದೆ ಇಳಿದು ಬಂದ. ಸ್ಟೇರಿಂಗನ್ನು ಮೇಲೆ ಹಿಡಿಯಬೇಡ, ಕೆಳತುದಿಯಲ್ಲಿ ಹಿಡಿ, ಕೈ ಯಾವ ಕಡೆಗೆ ಹೋಗುತ್ತದೋ ಮನೆಯೂ ಆ ಕಡೆಗೇ ಹೋಗುತ್ತದೆ ಎಂದು ಕೈಸನ್ನೆಯಲ್ಲೇ ತೋರಿಸಿಕೊಟ್ಟ. ಇಷ್ಟೇನಾ! ಅರ್ಧ ದಿನ ಅಲ್ಲೇ ಹಿಂದೆ ಮುಂದೆ ಆಡಿದೆ. ಅರವತ್ತೊಂದನೆಯ ವಯಸ್ಸಿನಲ್ಲಿ ರಿವರ್ಸ್ ಬಂತು.

ಆಮೇಲೆ ಮೂರು ಸಂಜೆ, ಮೂರೂ ಒಂದೇ ಏಟಿಗೆ. ಯಾರೂ ಕೂಗಲಿಲ್ಲ, ಯಾರೂ ಬರಲಿಲ್ಲ. ನಡುವೆ ತಾಪಿ ನದಿ ಬಂತು. ಸೇತುವೆಯ ಮೇಲೆ ಲಾರಿಯೊಂದು ಹಿಂದಿನಿಂದ ಹಾರ್ನ್ ಹೊಡೆಯುತ್ತಿತ್ತು, ನಿಲ್ಲಿಸಲಿಲ್ಲ. "ಅದೇನಾ ತಾಪಿ?" ಎಂದಳು ಮಂಗಳಾ. "ಹೋಯ್ತು" ಎಂದೆ. ಮೂರನೆಯ ಸಂಜೆ ಅವಳು ದೀಪ ಹಚ್ಚಿ, ಮೆಟ್ಟಿಲ ಮೇಲೆ ಕೂತು, ಖಾಲಿ ಬಯಲನ್ನು ನೋಡುತ್ತಾ ಹೇಳಿದಳು: "ಸಾಕು ರೀ. ಊರಿಗೆ ಹೋಗಾಣ."

"ಯಾಕೆ? ಬಾಗಿಲು ಪೂರ್ವಕ್ಕೇ ಐತಲ್ಲ?"

"ಐತೆ. ಎಲ್ಲಾ ಐತೆ. ಮೂರು ದಿನ ಆತು, ನಿಮ್ಮನ್ನ ಬಿಟ್ರೆ ಒಂದು ನರಪಿಳ್ಳೆ ಜತೆಗೂ ನಾನು ಮಾತಾಡಿಲ್ಲ. ಇಂಗೆ ಬಾಗಿಲಾಗೆ ಕುಂದ್ರಾಕೆ ಇಷ್ಟು ದೂರ ಯಾಕೆ ಬರ್ಬೇಕಿತ್ತು?"

"ನಾಳೆ ಒಂದು ದಿನ, ಮಂಗಳಾ. ನರ್ಮದಾ ನೋಡ್ಬಿಡ್ತೀನಿ."

"ನೋಡ್ರಿ, ಬ್ಯಾಡ ಅನ್ನಂಗಿಲ್ಲ. ಹೆಂಗೂ ಗಾಡಿ ಮೂತಿ ಊರ ಕಡೆಗೇ ಇರ್ತದಲ್ಲ, ನಾಡಿದ್ದು ಹಂಗೇ ಬಿಡ್ರಿ."

ನನಗೆ ಸಿಟ್ಟು ಬಂತು. ಕಷ್ಟಪಟ್ಟು ಕಲಿತೆ, ಶಹಭಾಸ್ ಎನ್ನುವುದು ಬಿಟ್ಟು ಊರಿಗೆ ಹೋಗಾಣ ಅಂತಾಳಲ್ಲ! ಮಾರನೆಯ ದಿನವೆಲ್ಲ ಓಡಿಸುತ್ತಾ ಅವಳು ಏನಾದರೂ ಹೇಳಲಿ ಎಂದು ಕಾದೆ. ವರದಿಯೇ ಇಲ್ಲ. ಯಾರ ಮಗಳ ಬಾಣಂತನವೂ ಇಲ್ಲ, ಯಾವ ಖಾರವೂ ಇಲ್ಲ. ಆಗ ಸಿಟ್ಟು ಇಳಿದು ನಾಚಿಕೆಯಾಯಿತು. ಇಷ್ಟು ದೂರದಲ್ಲಿ ನಾನು ಕಂಡದ್ದು ಬರೀ ರಸ್ತೆ. ದೇಶ ಎನ್ನುವುದೇನಾದರೂ ನಮ್ಮ ಗಾಡಿಯೊಳಗೆ ಬಂದಿದ್ದರೆ ಅದು ನಾನು ಅವಮಾನವೆಂದು ಹಲ್ಲು ಕಚ್ಚಿದ ಆ ಮುಕ್ಕಾಲು ಗಂಟೆಗಳಲ್ಲಿ, ಅವಳ ಕೈಹಿಡಿದು ಬಂದಿತ್ತು.

ನರ್ಮದೆಯ ದಡದ ಆ ಊರು ಹೊಕ್ಕಾಗ ಸೂರ್ಯ ಇನ್ನೂ ಇದ್ದ. ಘಾಟಿನ ಮೇಲ್ಗಡೆ ಅಗಲವಾದ ಬಯಲು, ಒಂದು ಅರಳಿಕಟ್ಟೆ, ಅದರ ಮೇಲೆ ನಾಲ್ಕಾರು ಹಿರಿಯರು. ಮರಗಳ ಆಚೆ ನೀರು ಹೊಳೆಯುತ್ತಿತ್ತು. ಒಂದೇ ಏಟಿಗೆ ನಿಲ್ಲಿಸಿ ಓಡಿದರೆ, ಮುಳುಗುವ ಸೂರ್ಯನ ಕಡೆಗೆ ನದಿ ಹರಿಯುವುದನ್ನು ನೋಡಬಹುದಿತ್ತು. ಕೈ ತಾನಾಗಿ ಸ್ಟೇರಿಂಗಿನ ಕೆಳತುದಿಗೆ ಹೋಯಿತು. ಈ ವಯಸ್ಸಿನಲ್ಲಿ ಒಲಿದ ವಿದ್ಯೆ ಸ್ವಾಮಿ, ಬಿಡಲು ಮನಸ್ಸು ಬರಲಿಲ್ಲ. ಆದರೂ ಬೇಕೆಂದೇ ತಪ್ಪು ಕಡೆಗೆ ತಿರುಗಿಸಿದೆ.

ಮನೆ ಮಡಚಿಕೊಂಡಿತು. "ಉಲ್ಟಾ! ಅರೇ ಉಲ್ಟಾ!" ಎನ್ನುತ್ತಾ ಕಟ್ಟೆಯಿಂದ ಒಬ್ಬರು ಟವೆಲ್ ಬೀಸಿಕೊಂಡು ಎದ್ದರು, ಅವರ ಹಿಂದೆ ಉಳಿದವರು, ಟೀ ಅಂಗಡಿಯವನು, ಬಾಗಿಲು ಬಾಗಿಲಿನಿಂದ ಹೆಂಗಸರು. ಮಂಗಳಾ ಸೆರಗು ಸರಿಮಾಡಿಕೊಂಡು ಇಳಿಯುತ್ತಾ ನನ್ನನ್ನೊಮ್ಮೆ ನೋಡಿದಳು. "ಕಲ್ತಿದ್ದೆ ಅಂದ್ರಲ್ಲ, ಏನಾತು?"

"ಮರ್ತೋತು" ಎಂದೆ.

ಬಾಗಿಲು ಪೂರ್ವಕ್ಕೆ ಬರುವ ಹೊತ್ತಿಗೆ ಸೂರ್ಯ ಮುಳುಗಿದ್ದ. ದೀಪ ಹಚ್ಚಿಯಾಯಿತು. ಮೆಟ್ಟಿಲ ಸುತ್ತ ಎಂಟು ಹತ್ತು ಜನ, ಎಲ್ಲರ ಕೈಯಲ್ಲೂ ಟೀ ಲೋಟ. ಟವೆಲಿನ ಯಜಮಾನರು ರಿವರ್ಸ್ ತೆಗೆಯುವುದು ಹೇಗೆಂದು ನನಗೆ ಮತ್ತೆ ಮತ್ತೆ ವಿವರಿಸುತ್ತಿದ್ದರು, ನಾನು ಭಕ್ತಿಯಿಂದ ಕೇಳುತ್ತಿದ್ದೆ. ನದಿ ಯಾವ ಕಡೆಗೆ ಹರಿಯುತ್ತಿತ್ತೋ ಕತ್ತಲಲ್ಲಿ ಕಾಣಲಿಲ್ಲ. ನಾಳೆ ನೋಡಿದರಾಯಿತು ಎಂದುಕೊಂಡೆ.

ಮಂಗಳಾ ಪಕ್ಕದಲ್ಲಿದ್ದ ಹೆಂಗಸಿನ ಕೈ ಹಿಡಿದುಕೊಂಡೇ ನನ್ನ ಕಡೆ ಬಾಗಿ, "ನಾಳೆ ಈ ಯಮ್ಮನ ಮನೇಲಿ ಊಟ ಅಂತೆ. ನಾಡಿದ್ದು ಹೊರಡಾಣ" ಎಂದಳು.

"ಊರಿಗಾ?" ಎಂದೆ.

"ಊರಿಗ್ಯಾಕೆ ಇಷ್ಟು ಬೇಗ? ಮುಂದೆ ಯಾವುದಾದ್ರೂ ಜನ ಇರೋ ಊರು ನೋಡ್ರಿ" ಎಂದವಳು ಟೀ ಗುಟುಕರಿಸಿ, ದನಿ ತಗ್ಗಿಸಿ ಸೇರಿಸಿದಳು: "ಅಲ್ಲೂ ಇವತ್ತಿನಂಗೇ ಮರೀರಿ."