ಮಾತಾಡುವ ತಂತಿ

ಬೆಳಿಗ್ಗೆ ಡ್ರಾಯರ್ ತಡಕಾಡುವಾಗ ಆ ಬಿಳಿ ಕೇಬಲ್ ಕೈಗೆ ಸಿಕ್ಕಿತು. ಮೂಗಿಗೆ ಹಿಡಿದರೆ ಈಗಲೂ ನಶ್ಯದ ವಾಸನೆ... ಎದುರು ಮನೆ ಮೇಷ್ಟ್ರದ್ದು.

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ರಿಟೈರ್ ಆದವರು, ಒಂಟಿ ಜೀವ, ಮೂಗಿನ ತುದಿಯಲ್ಲೇ ಕೋಪ. ನಮ್ಮಮ್ಮನೇನು ಕಮ್ಮಿಯೇ? ಅವರ ಸ್ಕೂಟರ್ ಅಮ್ಮನ ರಂಗೋಲಿಯ ಮೇಲೆ ಹರಿದದ್ದೇ ನೆಪ, ಎರಡು ಮನೆಗೂ ಮಾತು ಬಿಟ್ಟುಹೋಗಿತ್ತು. ಮಲ್ಲೇಶ್ವರದ ಅಷ್ಟು ಸಣ್ಣ ಅಡ್ಡರಸ್ತೆಯಲ್ಲಿ ಮುಖ ತಿರುಗಿಸಿಕೊಂಡು ಓಡಾಡಿ ನನಗಂತೂ ಕುತ್ತಿಗೆ ನೋವು ಬಂದಿತ್ತು.

ಆ ಮಧ್ಯಾಹ್ನ ಕರೆಂಟ್ ಇರಲಿಲ್ಲ. ಅಮ್ಮನಿಗೆ ಉಬ್ಬಸ ಕೆರಳಿತು. ಔಷಧಿಯನ್ನು ಆವಿ ಮಾಡಿ ಕೊಡುವ ಬ್ಯಾಟರಿ ನೆಬ್ಯುಲೈಸರ್ ಸ್ವಲ್ಪ ಹೊತ್ತು ಗೊರ್ರೆಂದು, ಚಾರ್ಜ್ ಮುಗಿದು ನಿಂತೇಹೋಯಿತು. ಕೈಗೆ ಸಿಕ್ಕ ಕೇಬಲ್ ಹಾಕಿ ಪವರ್ ಬ್ಯಾಂಕಿಗೆ ಸಿಕ್ಕಿಸಿದೆ. ದೀಪ ಹತ್ತಿತು, ಮೋಟರ್ ಮಾತ್ರ ಒಮ್ಮೆ ನರಳಿ ಸುಮ್ಮನಾಯಿತು. ಪವರ್ ಬ್ಯಾಂಕ್ ಫುಲ್ ಇದೆ, ಈ ಮೆಷಿನ್ನಿಗೇನು ರೋಗ? ಆಟೋ ಬುಕ್ ಆಗುತ್ತಿಲ್ಲ. ಅಮ್ಮನ ತುಟಿ ನೀಲಿಗಟ್ಟುತ್ತಿತ್ತು.

ಬಾಗಿಲ ಕಡೆ ಓಡಲು ಎದ್ದೆ. ಅಮ್ಮ ಏದುಸಿರಲ್ಲೇ ಕೈ ಹಿಡಿದು, "ಆ ಮನುಷ್ಯನ... ಮನೆಗೆ ಮಾತ್ರ... ಹೋಗ್ಬೇಡ ಕಣೇ" ಎಂದಳು. ಉಸಿರಿಲ್ಲದಿದ್ದರೂ ಹಟ ಇತ್ತು ನೋಡಿ!

ಕೈ ಬಿಡಿಸಿಕೊಂಡು ನಾನು ಬಾಗಿಲಲ್ಲೇ ನಿಂತು ಕೂಗಿದ್ದೇ ತಡ, ಮೇಷ್ಟ್ರು ಬರಿಗಾಲಲ್ಲಿ ಬಂದರು. ಕೇಬಲ್ ಕಿತ್ತು ಬೆರಳಲ್ಲಿ ಹೊಸಕಿ ನೋಡಿ, "ಎಲ್ಲಿ ತಗೊಂಡ್ರಿ ಇದನ್ನ?" ಎಂದು ಗದರಿದರು.

"ಸಂಪಿಗೆ ರಸ್ತೆ ಫುಟ್‌ಪಾತಲ್ಲಿ, ಸರ್."

"ಅದಕ್ಕೇ! ಕರೆಂಟ್ ಕೊಡೋಕೆ ಎರಡು ತಂತಿ, ಮಾತಾಡೋಕೆ ಎರಡು ತಂತಿ ಇರ್ಬೇಕು. ಇದ್ರಲ್ಲಿ ಮಾತಾಡೋವು ಇಲ್ವೇ ಇಲ್ಲ. ಆ ಕಡೆ ಇರೋದು ಎಂಥದ್ದು, ಎಷ್ಟು ಎಳ್ಕೋಬೋದು ಅಂತ ಮೆಷಿನ್ ಒಳಗಿನ ಚಿಪ್‌ಗೆ ಗೊತ್ತಾಗ್ಬೇಕಲ್ಲ? ಗೊತ್ತಾಗ್ದಿದ್ರೆ ಹೆದ್ರಿಕೊಂಡು ಚೂರೇ ಚೂರು ತಗೊಳತ್ತೆ. ಅಷ್ಟರಲ್ಲಿ ಮೋಟರ್ ತಿರುಗತ್ತಾ?"

ಹೇಳುತ್ತಲೇ ತಮ್ಮ ಮನೆಗೆ ಓಡಿ ಈ ಬಿಳಿ ಕೇಬಲ್ ತಂದು ಸಿಕ್ಕಿಸಿದರು. ಒಂದು ಕ್ಷಣ ಏನೂ ಇಲ್ಲ... ಆಮೇಲೆ ಗೊರ್ರ್ ಎಂದಿತು. ಮಾಸ್ಕಿನೊಳಗೆ ಬಿಳಿ ಆವಿ ತುಂಬಿತು. ಅಮ್ಮನ ಎದೆ ಏರಿಳಿಯುವುದನ್ನೇ ನೋಡುತ್ತ ಮೇಷ್ಟ್ರು ಗೋಡೆಗೊರಗಿದ್ದರು. ತುಟಿಗೆ ಬಣ್ಣ ಮರಳಿದ ಮೇಲೆ ನನ್ನ ಕಡೆ ತಿರುಗಿ, "ನಿಮ್ಮಮ್ಮಂಗೆ ಹೇಳಿ, ರಂಗೋಲಿ ಒಂಚೂರು ಒಳಗೆ ಹಾಕ್ಲಿ" ಎಂದರು.

ಮಾಸ್ಕ್ ಸರಿಸಿ ಅಮ್ಮ, "ಸ್ಕೂಟರ್ ಆಚೆ ನಿಲ್ಲಿಸ್ಲಿ" ಎಂದಳು. ಅಳುತ್ತಿದ್ದ ನನಗೆ ನಗು ಬಂತು.

ಅಂದಿನಿಂದ ಮಾತು ಶುರುವಾಯಿತು, ಮುಕ್ಕಾಲು ಪಾಲು ಜಗಳದ್ದೇ. ಹೋದ ಚಳಿಗಾಲದ ಒಂದು ಮಧ್ಯಾಹ್ನ ಮೇಷ್ಟ್ರು ಮನೆಯೊಳಗೇ ಕುಸಿದು ತೀರಿಹೋದರು. ನಮಗೆ ಗೊತ್ತಾದದ್ದು ಸಂಜೆ. ಅಷ್ಟು ಹೊತ್ತೂ ಅಮ್ಮ ನಮ್ಮ ಮೆಟ್ಟಿಲ ಮೇಲೆ, ಅವರ ಬಾಗಿಲಿಗೆ ಎದುರಾಗಿಯೇ, ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

ಈಗಲೂ ಅಲ್ಲೇ ಕೂರುತ್ತಾಳೆ. ಇವತ್ತು ಕಾಫಿ ಕೊಡಲು ಹೋದರೆ ಲೋಟಕ್ಕೆ ಕೈಯೊಡ್ಡಲಿಲ್ಲ.

"ನಾನು ಎದುರಿಗೇ ಇದ್ನಲ್ಲೇ... ಒಂದು ಸಲ ಕೂಗ್ಬಾರ್ದಿತ್ತಾ ಆ ಮನುಷ್ಯ?" ಎಂದಳು.